ಆ ಕುರಿ ಯಾಕೆ ಸಿಡಿಯಿತು?

ಪ್ರಶ್ನೆ: ನನ್ನ ತಮ್ಮ ಹಳೇ ವಾರ್‌ಕ್ರಾಫ್ಟ್ 2 ಆಡುತ್ತಾ, ಮೂಲೆಯಲ್ಲಿದ್ದ ಕುರಿ ಮೇಲೆ ಸುಮ್ನೆ ಕ್ಲಿಕ್ ಮಾಡ್ತಾ ಕೂತಿದ್ದ. ಸ್ವಲ್ಪ ಹೊತ್ತಿಗೆ ಕುರಿ ಢಂ ಅಂತ ಸಿಡಿದೇ ಹೋಯ್ತು! ಇದರಿಂದ ಚಿನ್ನವೂ ಸಿಗಲ್ಲ, ಯುದ್ಧವೂ ಗೆಲ್ಲಲ್ಲ. ಸ್ಟ್ರಾಟಜಿ ಆಟಗಳಲ್ಲಿ ಇಂಥ ಕೆಲಸಕ್ಕೆ ಬಾರದ ತಮಾಷೆ ಯಾಕೆ ಇಡ್ತಾರೆ?
(ಓದುಗರು, ರಾಜಾಜಿನಗರ, ಬೆಂಗಳೂರು)

ಉತ್ತರ: ಈ ತಮಾಷೆ ಹುಟ್ಟಿದ್ದೇ ಒಂದು ಕೆಲಸದ ವಿಷಯದಿಂದ. ವಾರ್‌ಕ್ರಾಫ್ಟ್ 2 ಬಂದದ್ದು 1995ರಲ್ಲಿ. ಆಗಿನ ಪರದೆಯಲ್ಲಿ ಒಬ್ಬ ಸೈನಿಕ ಅಂದರೆ ಉಗುರಿನಷ್ಟು ಚಿತ್ರ. ಕ್ಲಿಕ್ ಮಾಡಿದ್ದು ಅವನಿಗೆ ತಲುಪಿತೋ ಇಲ್ಲವೋ ಆಟಗಾರನಿಗೆ ಗೊತ್ತಾಗಬೇಕಲ್ವಾ? ಅದಕ್ಕೆ ಪ್ರತಿ ಆಳಿಗೂ 'ಹೇಳಿ', 'ಆಯ್ತು' ಅನ್ನುವ ಥರದ ಮಾತು ಕೊಟ್ಟರು. ಓರ್ಕ್ (ಆಟದಲ್ಲಿರುವ ರಾಕ್ಷಸರಂಥ ಪಂಗಡ) ಕೂಲಿಯ 'ಝಗ್ ಝಗ್' ಅಂಥದ್ದೇ.

ಮಾತು ಕೊಟ್ಟ ಮೇಲೆ ಇನ್ನೊಂದು ಪ್ರಶ್ನೆ ತಾನಾಗಿ ಏಳುತ್ತದೆ. ಕೆಲಸವೇ ಹೇಳದೆ ಬರೀ ಕ್ಲಿಕ್ ಮಾಡ್ತಾನೇ ಇದ್ದರೆ? ಸಿಗ್ನಲ್‌ನಲ್ಲಿ ಹಿಂದಿನವನು ಹಾರ್ನ್ ಹೊಡೀತಾನೇ ಇದ್ದರೆ ಮುಂದಿನ ಆಟೋದವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಇಲ್ಲೂ ಹಾಗೇ. ಮೊದಲು ಮರ್ಯಾದೆಯಿಂದ ಓಗೊಡುತ್ತಾನೆ, ಆಮೇಲೆ ಗೊಣಗುತ್ತಾನೆ, ಕೊನೆಗೆ ರೇಗುತ್ತಾನೆ. ಕುರಿಗೆ ಮಾತು ಬರಲ್ಲ, ಪಾಪ, ಸಿಡಿಯುತ್ತದೆ. ಹಿಮದ ಮ್ಯಾಪ್ ಆದರೆ ಅಲ್ಲಿರುವ ಸೀಲ್ ಪ್ರಾಣಿಗೂ ಅದೇ ಗತಿ.

ಸ್ಟ್ರಾಟಜಿ ಆಟಗಳಲ್ಲೇ ಇದು ಜಾಸ್ತಿ, ಯಾಕೆಂದರೆ ಅಲ್ಲಿ ಕಾಯುವ ಹೊತ್ತು ಜಾಸ್ತಿ. ಮರ ಕಡಿಯುವವರು ಕಡಿಯುತ್ತಿರುತ್ತಾರೆ, ಕೋಟೆ ನಿಧಾನಕ್ಕೆ ಏಳುತ್ತಿರುತ್ತದೆ, ನಿಮ್ಮ ಕೈ ಖಾಲಿ. ಜೊತೆಗೆ ನೀವು ಎಲ್ಲವನ್ನೂ ಮೇಲಿನಿಂದ ನೋಡುತ್ತೀರಿ. ನೂರು ಜನ ಸತ್ತರೆ ನೂರು ಅನ್ನೋ ಅಂಕಿ ಅಷ್ಟೇ. ಅವರಲ್ಲಿ ಒಬ್ಬ ನಿಮಗೇ ತಿರುಗಿ ಬೈದ ಅಂದರೆ, ಅವನನ್ನು ಸಾಯಲು ಕಳಿಸುವ ಮುಂಚೆ ಒಂದು ಗಳಿಗೆ ಯೋಚನೆ ಮಾಡ್ತೀರಿ.

ನನ್ನ ಪ್ರಕಾರ ಈ ಕಲೆಯಲ್ಲಿ 1997ರ ಥೀಮ್ ಹಾಸ್ಪಿಟಲ್‌ಗೆ ಮೊದಲ ಸ್ಥಾನ. ಅಲ್ಲಿಗೆ ತಲೆ ಬಲೂನಿನ ಹಾಗೆ ಊದಿಕೊಂಡ ರೋಗಿಗಳು ಬರುತ್ತಾರೆ. ಡಾಕ್ಟರ್ ಆ ತಲೆಯನ್ನು ಟಪ್ ಅಂತ ಒಡೆದು, ಮೆಷಿನ್‌ನಿಂದ ಸರಿಯಾದ ಅಳತೆಗೆ ಮತ್ತೆ ಗಾಳಿ ತುಂಬಿ ಕಳಿಸುತ್ತಾರೆ. ಅಷ್ಟರಲ್ಲಿ ಮೈಕ್‌ನಲ್ಲಿ ಒಂದು ಹೆಣ್ಣುದನಿ, ರೋಗಿಗಳು ದಯವಿಟ್ಟು ಕಾರಿಡಾರ್‌ನಲ್ಲಿ ಸಾಯಬಾರದು ಅಂತ ತಣ್ಣಗೆ ಕೇಳಿಕೊಳ್ಳುತ್ತದೆ. ಇದನ್ನೆಲ್ಲ ತೆಗೆದುಬಿಟ್ಟರೆ ಉಳಿಯುವುದು ಬರೀ ಖರ್ಚು-ವೆಚ್ಚದ ಲೆಕ್ಕ. ಅದನ್ನು ಯಾರು ಆಡ್ತಾರೆ?

ಎಲ್ಲವೂ ನಗಿಸಲೇಬೇಕು ಅಂತಿಲ್ಲ. 1999ರ ಏಜ್ ಆಫ್ ಎಂಪೈರ್ಸ್ 2ರಲ್ಲಿ ಒಂದೊಂದು ನಾಡಿನ ಆಳು ಒಂದೊಂದು ಭಾಷೆಯಲ್ಲಿ ಓಗೊಡುತ್ತಾನೆ. ಗೆಲುವಿಗೆ ಇದರಿಂದ ಏನೂ ಆಗಲ್ಲ, ಆದರೆ ಕಣ್ಣು ಮುಚ್ಚಿದರೂ ಯಾವ ಸೈನ್ಯ ಅಂತ ಗೊತ್ತಾಗುತ್ತದೆ. ಅದೇ ಆಟಕ್ಕೆ 2022ರಲ್ಲಿ ಸೇರಿಸಿದ 'ಡೈನಾಸ್ಟೀಸ್ ಆಫ್ ಇಂಡಿಯಾ' ಭಾಗದಲ್ಲಿ ಬಂದ ದ್ರಾವಿಡಿಯನ್ಸ್ ಮಾತಾಡುವುದು ತಮಿಳು. ಬೆಂಗಳೂರಿನವರಿಗೆ ಡಿಕ್ಷನರಿಯೇನೂ ಬೇಕಾಗಲ್ಲ ಬಿಡಿ. ಆದರೂ ಒಬ್ಬ ಕನ್ನಡದ ಆಳು ಬರಬೇಕು, ಐದನೇ ಕ್ಲಿಕ್‌ಗೆ 'ಏನ್ ಗುರು, ಬೇರೆ ಕೆಲ್ಸ ಇಲ್ವಾ?' ಅನ್ನಬೇಕು ಅಂತ ನನಗಾಸೆ.

ಇನ್ನು ನಾಡು ಕಟ್ಟಿ ಆಳುವ ಸಿವಿಲೈಸೇಶನ್ ಆಟಗಳಲ್ಲಿ ಗಾಂಧೀಜಿ ಅಣುಬಾಂಬ್ ಹಾಕುವ ಕಥೆ. ಮೊದಲ ಸಿವಿಲೈಸೇಶನ್‌ನಲ್ಲಿದ್ದ ಲೆಕ್ಕದ ತಪ್ಪಿನಿಂದ ಅವರು ಯುದ್ಧಕೋರರಾದರು ಅಂತ ಎಲ್ಲರೂ ಹೇಳುತ್ತಾರೆ. ಅಂಥ ತಪ್ಪು ಇರಲೇ ಇಲ್ಲ ಅಂತ ಆ ಆಟ ಮಾಡಿದ ಸಿಡ್ ಮೀಯರ್ 2020ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆದರೆ 2010ರ ಸಿವಿಲೈಸೇಶನ್ 5ರಲ್ಲಿ ಗಾಂಧೀಜಿಯ ಬಾಂಬ್ ಪ್ರೀತಿಗೆ 10ಕ್ಕೆ 12 ಅಂಕ ಕೊಟ್ಟದ್ದು ನಿಜ, ಅದೂ ಬೇಕಂತಲೇ.

ತಮಾಷೆ ಕೈ ಕೊಡುವುದೂ ಉಂಟು. ಊರು ಕಟ್ಟುವ ಆಟವಾದ 2015ರ ಸಿಟೀಸ್: ಸ್ಕೈಲೈನ್ಸ್‌ನಲ್ಲಿ ಚಿರ್ಪರ್ ಅಂತ ಒಂದು ನೀಲಿ ಹಕ್ಕಿ ಇದೆ. ಪರದೆಯ ಮೇಲ್ತುದಿಯಲ್ಲಿ ಕೂತು ಊರಿನವರ ಮಾತು ತಂದು ಹಾಕುತ್ತದೆ. ನೀರಿಲ್ಲ, ಕಸ ಎತ್ತಿಲ್ಲ ಅನ್ನುವುದು ಸರಿ, ಉಪಯೋಗಕ್ಕೆ ಬರುತ್ತದೆ. ಆದರೆ ಕರೆಯದೇ ಬಂದು ಹೇಳಿದ್ದನ್ನೇ ಹೇಳುತ್ತದೆ. ಅದರ ಬಾಯಿ ಮುಚ್ಚಿಸೋಕೆ ಆಟಗಾರರೇ 'ಮಾಡ್' (ಆಟವನ್ನು ಬದಲಿಸುವ ಚಿಕ್ಕ ಪ್ರೋಗ್ರಾಂ) ಬರೆದುಕೊಂಡರು. ಕಸದ ದೂರು ಬೆಂಗಳೂರಿನವರಿಗೆ ಆಟದಲ್ಲೂ ಬೇಕಾ, ನೀವೇ ಹೇಳಿ. 1996ರ ಸಿವಿಲೈಸೇಶನ್ 2 ಈ ವಿಷಯದಲ್ಲಿ ಜಾಣ. ನಿಜವಾದ ನಟರನ್ನೇ ಮಂತ್ರಿಗಳನ್ನಾಗಿ ಮಾಡಿ ವಿಡಿಯೋ ತೆಗೆದಿದ್ದರು. ಕಾಲ ಬದಲಾದ ಹಾಗೆ ಅವರ ವೇಷವೂ ಬದಲಾಗುತ್ತದೆ, ಒಬ್ಬರಿಗೊಬ್ಬರು ಕೂಗಾಡುತ್ತಾರೆ. ಆದರೆ ನೀವಾಗಿ ಸಭೆ ಕರೆದರೆ ಮಾತ್ರ.

ನೀವೂ ಒಂದನ್ನು ನೋಡಬೇಕಾ? ಏಜ್ ಆಫ್ ಎಂಪೈರ್ಸ್ 2ರಲ್ಲಿ ನಾಲ್ಕು ಜನ ಸೇರಿ ಆಡುವಾಗ ಚಾಟ್‌ನಲ್ಲಿ 11 ಅಂತ ಬರೆದು ಎಂಟರ್ ಒತ್ತಿ. ಎಲ್ಲರ ಸ್ಪೀಕರ್‌ನಲ್ಲೂ ಒಬ್ಬ ಹೊಟ್ಟೆ ಹಿಡಿದು ನಗುತ್ತಾನೆ. ಎದುರಾಳಿಯ ಕೋಟೆ ಬಿದ್ದ ಮೇಲೆ ಕಳಿಸಿ. ಮುಂಚೆಯೇ ಕಳಿಸಿದರೆ ಮೂರೂ ಜನ ನಿಮ್ಮ ಮೇಲೇ ಬರುತ್ತಾರೆ.