ನಮಗೇ ಮರಗಳ ಹೆಸರು ಗೊತ್ತಿಲ್ಲ, ಮಕ್ಕಳಿಗೆ ಏನು ತೋರಿಸೋದು?

ಪ್ರಶ್ನೆ: ನಾವಿರುವುದು ಬೆಂಗಳೂರಿನಲ್ಲಿ, ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲಿ. ಮಗಳಿಗೆ 11 ವರ್ಷ. ಅವಳಿಗೆ ಗಿಡಮರ, ಹಕ್ಕಿಗಳ ಒಡನಾಟ ಬೇಕು ಅಂತ ಆಸೆ. ಆದರೆ ತೆಂಗು, ಮಾವು, ಬೇವು ಬಿಟ್ಟರೆ ನನಗೇ ಯಾವ ಮರವೂ ಗುರುತು ಸಿಗುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಗೇಟಿನಾಚೆ ನಿಂತಿರುವ ಮರದಿಂದ. ಒಂದೇ ಮರ, ಒಂದು ವರ್ಷ, ವಾರಕ್ಕೆ ಐದು ನಿಮಿಷ. ಹೆಸರು ಆಮೇಲೆ ತಾನಾಗಿ ಬರುತ್ತದೆ.

ರಜೆಗೆ ಕಬಿನಿಗೋ ಬಂಡೀಪುರಕ್ಕೋ ಕರೆದುಕೊಂಡು ಹೋಗಬೇಡಿ ಅನ್ನುತ್ತಿಲ್ಲ. ಭಾನುವಾರ ಆನೆ ನೋಡಿ ಬಂದ ಮಗುವಿಗೆ ಸೋಮವಾರ ಆ ಆನೆ ಸಿಗುವುದಿಲ್ಲ, ಅಷ್ಟೇ. ಬೀದಿಯ ಹೊಂಗೆ ಸಿಗುತ್ತದೆ. ಬೆಂಗಳೂರು, ಮೈಸೂರಿನ ಬೀದಿಗಳಲ್ಲಿ ಹೊಂಗೆಗೆ ಬರವಿಲ್ಲ, ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಚಳಿ ಇಳಿಯುವ ಹೊತ್ತಿಗೆ ಹೊಂಗೆ ಎಲೆ ಉದುರಿಸುತ್ತದೆ. ಹೆಚ್ಚು ದಿನ ಬೋಳಾಗಿ ನಿಲ್ಲುವ ಜಾತಿಯಲ್ಲ. ಯುಗಾದಿ ಆಸುಪಾಸಿನಲ್ಲಿ ಎಣ್ಣೆ ಸವರಿದಂಥ ಹೊಸ ಎಲೆ, ಬೆನ್ನಿಗೇ ಬಿಳಿಗೆ ತಿಳಿನೇರಳೆ ಬೆರೆತ ಸಣ್ಣ ಹೂವು. ಬೆಳಿಗ್ಗೆ ಮಗಳನ್ನು ಮರದಡಿ ನಿಲ್ಲಿಸಿ ಹೂವಿಗೆ ಮುತ್ತಿದ ಜೇನಿನ ಝೇಂಕಾರ ಕೇಳಿಸಿ. ಕೆಳಗೆ ನಿಲ್ಲಿಸಿದ ಕಾರಿನ ಗಾಜಿನ ತುಂಬ ಹೂವು ಬಿದ್ದಿರುತ್ತದೆ, ಕಾರಿನವರು ಗೊಣಗುತ್ತಿರುತ್ತಾರೆ. ಅದೂ ಪಾಠದ ಭಾಗವೇ! ಈಗ ಕೊಂಬೆ ನೋಡಿದರೆ ಹೂವಿನ ಪಕ್ಕದಲ್ಲೇ ಹೋದ ವರ್ಷದ ಒಣ ಕಾಯಿ. ಹೂವು ಬಲಿತ ಕಾಯಾಗಲು ಹತ್ತಿರ ಹತ್ತಿರ ವರ್ಷವೇ ಬೇಕು. ಇದನ್ನು ಬಾಯಲ್ಲಿ ಹೇಳಬೇಡಿ, ಅವಳೇ ಕಂಡು ಕೇಳಲಿ.

ನಮ್ಮನೆಯ ಹುಡುಗಿ ಕೇಳಿದ್ದು ಬೇರೆಯದನ್ನೇ. ಎಲೆಯೊಂದನ್ನು ಕಿತ್ತು ತಂದು, "ಇದಕ್ಕೆ ಮೊಡವೆ ಯಾಕೆ?" ಅಂದಳು. ನೋಡಿದರೆ ಎಲೆಯ ಮೇಲೆಲ್ಲ ಬೆರಳ ತುದಿಯಂಥ ಹಸಿರು ಗಂಟುಗಳು. ನನಗೂ ಗೊತ್ತಿರಲಿಲ್ಲ. ಹುಡುಕಿದಾಗ ತಿಳಿಯಿತು, ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮನೆ. ನುಸಿ ಕೆಣಕುತ್ತದೆ, ಎಲೆ ತನ್ನ ಮೈಯಿಂದಲೇ ಗೂಡು ಕಟ್ಟಿಕೊಡುತ್ತದೆ. ತೆಂಗಿನ ಕಾಯಿಗೆ ಕಂದು ಕಲೆ ಬರಿಸಿ ತೋಟದವರ ನಿದ್ದೆ ಕೆಡಿಸಿದ ನುಸಿ ಇದರ ದಾಯಾದಿ. ಊರಿಗೆ ಫೋನ್ ಮಾಡಿದಾಗ ಅವಳು ತಾತನಿಗೆ ಇದನ್ನೇ ಅರ್ಧ ಗಂಟೆ ಕೊರೆದಳು. ನನಗೆ ಉತ್ತರ ಮೊದಲೇ ಗೊತ್ತಿದ್ದರೆ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿಬಿಡುತ್ತಿದ್ದೆ. ಗೊತ್ತಿಲ್ಲ ಅನ್ನುವುದನ್ನು ಕೊರತೆ ಅಂದುಕೊಳ್ಳಬೇಡಿ, ಇಬ್ಬರೂ ಕೂತು ಹುಡುಕಲು ಅದೇ ನೆಪ.

ಒಣ ಕಾಯನ್ನು ಬಕೆಟ್ ನೀರಿಗೆ ಹಾಕಿಸಿ. ತೇಲುತ್ತದೆ. ಮೂಲತಃ ಹೊಳೆ ದಂಡೆಯ, ಕರಾವಳಿಯ ಮರ ಇದು. ಬೀಜವನ್ನು ನೀರಿನ ಮೇಲೆ ಸಾಗಹಾಕುವುದು ಅದರ ಹಳೇ ರೂಢಿ. ಟಾರು ರಸ್ತೆಯಲ್ಲಿ ಬಿದ್ದ ಕಾಯಿ ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಯನ್ನು ಮಗುವೇ ಎತ್ತುತ್ತದೆ, ನೋಡುತ್ತಿರಿ. ಆ ಬೀಜದ ಎಣ್ಣೆಯಲ್ಲಿ ದೀಪ ಹಚ್ಚಿದ್ದು, ಸೊಪ್ಪನ್ನು ಗದ್ದೆಗೆ ತುಳಿದದ್ದು ಅಜ್ಜಿಯ ಪಾಲಿನ ಕಥೆ. ಅಜ್ಜಿಗೇ ಬಿಡಿ.

ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಸಿ: ಚಿಗುರು, ಹೂವು, ಕಾಯಿ; ಇಲ್ಲ, ಸ್ವಲ್ಪ, ತುಂಬ. 2010ರಲ್ಲಿ ಶುರುವಾದ ಸೀಸನ್‌ವಾಚ್ ಎಂಬ ಯೋಜನೆ ದೇಶದಾದ್ಯಂತ ಇದೇ ಲೆಕ್ಕವನ್ನು ಜನರಿಂದ, ಮುಖ್ಯವಾಗಿ ಶಾಲಾ ಮಕ್ಕಳಿಂದ ಸಂಗ್ರಹಿಸುತ್ತದೆ. ಹೆಚ್ಚು ಮಾಹಿತಿ ಬರುವುದು ಕೇರಳದ ಶಾಲೆಗಳಿಂದ. ವಿಷು ಹಬ್ಬಕ್ಕೆ ಬೇಕಾದ ಕಕ್ಕೆ ಹೂವು ಹಬ್ಬಕ್ಕೆ ಮೊದಲೇ ಅರಳುವುದನ್ನು ಅಲ್ಲಿನ ಮಕ್ಕಳು ಬರೆದಿಟ್ಟಿದ್ದಾರೆ. ತಾನು ಬರೆದದ್ದು ವಿಜ್ಞಾನಿಗಳ ಕೈ ಸೇರುತ್ತದೆ ಅಂತ ಗೊತ್ತಾದರೆ 14-15ರ ಹರೆಯದವರೂ ಮೊಬೈಲನ್ನು ಮರದ ಕಡೆ ತಿರುಗಿಸುತ್ತಾರೆ. ಆ ವಯಸ್ಸಿನವರಿಗೆ 'ಪ್ರಕೃತಿ ಸೌಂದರ್ಯ' ಅಂತ ಉಪದೇಶ ಮಾಡಿದರೆ ಮಾತ್ರ ಕೆಟ್ಟಿತು.

ಶಾಲೆಯಲ್ಲಿ ಇದೆಲ್ಲ ಇದೆಯಲ್ಲ ಅನ್ನಬಹುದು. ಇದೆ. ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಅಂದಿತು. ಪಠ್ಯ ಬಂತು, ಪರೀಕ್ಷೆ ಬಂತು, ಥರ್ಮಾಕೋಲಿನಲ್ಲಿ ಕಾಡು ಮಾಡಿ ತರುವ ಪ್ರಾಜೆಕ್ಟೂ ಬಂತು. ಜೂನ್ 5ರ ಪರಿಸರ ದಿನದಂದು ಹೋದ ವರ್ಷದ ಗುಂಡಿಯಲ್ಲೇ ಈ ವರ್ಷವೂ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದನ್ನು ಕಂಡಿದ್ದೇನೆ. ಹಳೇ ಸಸಿ ಏನಾಯಿತು ಅಂತ ಮಕ್ಕಳು ಕೇಳಿದ್ದರೆ ಅದೇ ಒಳ್ಳೇ ಪಾಠವಾಗುತ್ತಿತ್ತು, ಕೇಳುವಷ್ಟು ಹೊತ್ತು ಯಾರೂ ಅಲ್ಲಿ ನಿಲ್ಲಲಿಲ್ಲ.

ಎಚ್ಚರ ಬೇಕಿರುವುದು ಒಂದೆರಡಕ್ಕೆ. ಕಂಬಳಿಹುಳ ಮುಟ್ಟುವುದು ಬೇಡ. ಕಾಯನ್ನು, ಬೀಜವನ್ನು ಬಾಯಿಗೆ ಹಾಕುವುದು ಬೇಡ, ಹೊಂಗೆ ಬೀಜ ಕಹಿ, ತಿನ್ನುವಂಥದ್ದೂ ಅಲ್ಲ. ಕೈಗೆ ಮಣ್ಣಾದರೆ ತೊಳೆದುಕೊಂಡರಾಯಿತು. ಮತ್ತೆ, ಒಂದೆರಡು ವಾರ ತಪ್ಪಿಹೋದರೆ ಬೈಯಬೇಡಿ. ಮುಂದಿನ ಭಾನುವಾರವೂ ಮರ ಅಲ್ಲೇ ಇರುತ್ತದೆ, ರಸ್ತೆ ಅಗಲ ಮಾಡುವವರು ಬರದಿದ್ದರೆ.