ಇಂಜಿನ್ ಬದಲಿಸಿದ ಕಾರಿಗೆ ಫ್ಯೂಯಲ್ ಪ್ರೆಷರ್ ರೆಗ್ಯುಲೇಟರ್: ಪೈಪ್ ಜೋಡಣೆಯ ಟಿಪ್ಪಣಿ

ಫ್ಯೂಯಲ್ ಇಂಜೆಕ್ಷನ್ ಇಂಜಿನ್ನಿನಲ್ಲಿ ಪೆಟ್ರೋಲಿನ ಹರಿವಿನ ಕ್ರಮ ಇಷ್ಟು: ಟ್ಯಾಂಕ್, ಪಂಪ್, ಫಿಲ್ಟರ್, ಇಂಜೆಕ್ಟರ್ ರೈಲ್ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ), ರೆಗ್ಯುಲೇಟರ್ (ಒತ್ತಡ ಹಿಡಿದಿಡುವ ವಾಲ್ವ್), ರಿಟರ್ನ್ ಲೈನ್, ಮತ್ತೆ ಟ್ಯಾಂಕ್. ರೆಗ್ಯುಲೇಟರ್ ರೈಲಿನ ಆಚೆ ಯಾಕೆ ಕೂರಬೇಕು ಎಂಬುದೇ ಮೊದಲ ಗೊಂದಲ. ಕಾರ್ಬ್ಯುರೇಟರ್ ಕಾರುಗಳಲ್ಲಿ ಕೈ ಪಳಗಿದವರು ಅದನ್ನು ಪಂಪ್ ಮತ್ತು ರೈಲಿನ ನಡುವೆ ಹಾಕಿ, ರಿಟರ್ನ್ ಬಾಯಿಗೆ ಪ್ಲಗ್ ಬಿಗಿದುಬಿಡುತ್ತಾರೆ. ಹೆಚ್ಚುವರಿ ಪೆಟ್ರೋಲಿಗೆ ದಾರಿಯೇ ಇಲ್ಲದಾಗಿ ಒತ್ತಡ ಪಂಪಿನ ಮಿತಿಯವರೆಗೂ ಏರುತ್ತದೆ.

ಕಾರ್ಬ್ಯುರೇಟರಿನ ರೆಗ್ಯುಲೇಟರ್ ತನ್ನ ಮುಂದಿನ ಒತ್ತಡವನ್ನು ತಗ್ಗಿಸುತ್ತದೆ, ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐಗೆ. ಇಂಜೆಕ್ಷನ್ ಇಂಜಿನ್ನಿನದು ತನ್ನ ಹಿಂದಿನ ಒತ್ತಡವನ್ನು ಹಿಡಿದಿಡುತ್ತದೆ. ಒಳಗೊಂದು ಡಯಾಫ್ರಾಮ್, ಅದರ ಮೇಲೊಂದು ಸ್ಪ್ರಿಂಗ್. ರೈಲಿನ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದ ಕೂಡಲೇ ವಾಲ್ವ್ ತೆರೆದು ಹೆಚ್ಚಿನದನ್ನು ರಿಟರ್ನಿಗೆ ಬಿಡುತ್ತದೆ. ಕೋಡಿಯ ಎತ್ತರ ಕೆರೆಯ ಮಟ್ಟವನ್ನು ನಿರ್ಧರಿಸುವ ಹಾಗೆ: ಎಷ್ಟೇ ನೀರು ಬರಲಿ, ಹೆಚ್ಚಾದದ್ದು ಹರಿದು ಹೋಗುತ್ತದೆ, ಮಟ್ಟ ಅಲ್ಲೇ ನಿಲ್ಲುತ್ತದೆ. ಪಂಪ್ ಕೊಡುವುದು ಹರಿವನ್ನು ಮಾತ್ರ. ಒತ್ತಡ ಹುಟ್ಟುವುದು ತಡೆಯಿಂದ.

ವ್ಯಾಕ್ಯೂಮ್ ಹೋಸ್ ಹಾಕಬೇಕೇ, ಬಿಡಬೇಕೇ?

ರೆಗ್ಯುಲೇಟರಿನ ಸ್ಪ್ರಿಂಗ್ ಬದಿಯನ್ನು ಮ್ಯಾನಿಫೋಲ್ಡಿಗೆ, ಅಂದರೆ ಇಂಜಿನ್ನಿಗೆ ಗಾಳಿ ಹಂಚುವ ಕೊಳವೆಗೆ, ಸೇರಿಸುವ ಸಣ್ಣ ಹೋಸ್ ಇದು. ಹೆಚ್ಚಿನವರು ಎಡವುವುದು ಇಲ್ಲಿ, ಹಾಗಾಗಿ ನಿಧಾನವಾಗಿ ನೋಡೋಣ. ಇಂಜೆಕ್ಟರ್ ಎಷ್ಟು ಪೆಟ್ರೋಲ್ ಬಿಡುತ್ತದೆ ಎಂಬುದನ್ನು ಗೇಜಿನ ಅಂಕಿ ನಿರ್ಧರಿಸುವುದಿಲ್ಲ. ಇಂಜೆಕ್ಟರಿನ ಒಂದು ತುದಿ ರೈಲಿನಲ್ಲಿದೆ, ಇನ್ನೊಂದು ಮ್ಯಾನಿಫೋಲ್ಡಿನಲ್ಲಿ. ಎರಡರ ನಡುವಿನ ಒತ್ತಡದ ವ್ಯತ್ಯಾಸವೇ ಲೆಕ್ಕ. ಹರಿವು ಆ ವ್ಯತ್ಯಾಸದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ.

ಬೇಸ್ ಒತ್ತಡ (ಹೋಸ್ ಇಲ್ಲದಿರುವಾಗಿನ ರೈಲಿನ ಒತ್ತಡ) 43.5 ಪಿಎಸ್‌ಐ, ಅಂದರೆ 3 ಬಾರ್ ಎಂದುಕೊಳ್ಳಿ. ಐಡಲ್‌ನಲ್ಲಿ (ಕಾರು ನಿಂತು ಇಂಜಿನ್ ಓಡುತ್ತಿರುವಾಗ) ಮ್ಯಾನಿಫೋಲ್ಡಿನ ಒತ್ತಡ 35 ಕೆಪಿಎ ಇದ್ದರೆ ಅದು ಹೊರಗಿನ ಗಾಳಿಗಿಂತ ಸುಮಾರು 9.4 ಪಿಎಸ್‌ಐ ಕಡಿಮೆ. ಹೋಸ್ ಜೋಡಿಸಿದ್ದರೆ ರೆಗ್ಯುಲೇಟರ್ ರೈಲನ್ನೂ ಅಷ್ಟೇ ಇಳಿಸುತ್ತದೆ: ಗೇಜ್ 34 ತೋರಿಸುತ್ತದೆ, ವ್ಯತ್ಯಾಸ ಮಾತ್ರ 43.5ರಲ್ಲೇ ಉಳಿಯುತ್ತದೆ. ಹೋಸ್ ಇಲ್ಲದಿದ್ದರೆ ಗೇಜ್ 43.5ರಲ್ಲೇ ನಿಲ್ಲುತ್ತದೆ, ವ್ಯತ್ಯಾಸ ಸುಮಾರು 53ಕ್ಕೆ ಏರುತ್ತದೆ, ಇಂಧನ ಶೇ 10ರಷ್ಟು ಹೆಚ್ಚು ಬೀಳುತ್ತದೆ. ಟರ್ಬೊ ಇದ್ದರೆ ಇದು ತಿರುಗುಮುರುಗು. ಹೋಸ್ ಇಲ್ಲದೆ 10 ಪಿಎಸ್‌ಐ ಬೂಸ್ಟ್‌ನಲ್ಲಿ (ಟರ್ಬೊ ತುಂಬುವ ಹೆಚ್ಚುವರಿ ಗಾಳಿಯೊತ್ತಡದಲ್ಲಿ) ವ್ಯತ್ಯಾಸ 33.5ಕ್ಕೆ ಕುಸಿದು, ಇಂಜಿನ್ನಿಗೆ ಇಂಧನ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಶೇ 12ರಷ್ಟು ಕೊರತೆ ಬೀಳುತ್ತದೆ. ಟರ್ಬೊ ಇಂಜಿನ್ನಿನಲ್ಲಿ ಹೋಸ್ ಬಿಡುವ ಮಾತೇ ಬೇಡ.

ಹಾಗಾದರೆ ಎಲ್ಲ ಕಡೆ ಹೋಸ್ ಹಾಕಿಬಿಟ್ಟರೆ ಸರಿಯೇ? ಇಲ್ಲ. ಇಸಿಯು, ಅಂದರೆ ಇಂಧನದ ಲೆಕ್ಕ ಹಾಕುವ ಇಂಜಿನ್ ಕಂಪ್ಯೂಟರ್, ಏನನ್ನು ನಂಬಿದೆ ಎಂದು ಮೊದಲು ತಿಳಿಯಬೇಕು. ಜನರಲ್ ಮೋಟಾರ್ಸ್ (ಜಿಎಂ) ಕಂಪನಿಯ ಎಲ್‌ಎಸ್ ಇಂಜಿನ್ನುಗಳಲ್ಲಿ ಹಲವು 58 ಪಿಎಸ್‌ಐ ಸ್ಥಿರ ಒತ್ತಡದವು. ವ್ಯಾಕ್ಯೂಮ್ ಏರಿದಂತೆ ಇಂಜೆಕ್ಟರ್ ಹರಿವು ಹೆಚ್ಚುತ್ತದೆ ಎಂಬ ಲೆಕ್ಕ ಅವುಗಳ ಇಸಿಯು ಟೇಬಲ್ಲಿನಲ್ಲೇ ಇದೆ. ಅಂಥ ಇಂಜಿನ್ನಿಗೆ ಹೋಸ್ ಜೋಡಿಸಿದ ರೆಗ್ಯುಲೇಟರ್ ಕೊಟ್ಟು ಟೇಬಲ್ ಮುಟ್ಟದೆ ಬಿಟ್ಟರೆ, ಇಸಿಯು 67 ಎಂದುಕೊಂಡ ಜಾಗದಲ್ಲಿ ಇರುವುದು 58. ಐಡಲ್‌ನಲ್ಲಿ ಶೇ 7ರಷ್ಟು ಇಂಧನ ಕಡಿಮೆ. ಗುರುತು ಸ್ಪಷ್ಟ: ಐಡಲ್ ಮತ್ತು ನಿಧಾನ ಓಟದಲ್ಲಿ ಫ್ಯೂಯಲ್ ಟ್ರಿಮ್ (ಇಂಧನಕ್ಕೆ ಇಸಿಯು ಮಾಡುವ ತಿದ್ದುಪಡಿ) ಪ್ಲಸ್ ಕಡೆಗೆ ವಾಲುತ್ತದೆ, ಥ್ರಾಟಲ್ ಪೂರ್ತಿ ತೆರೆದಾಗ ಎಲ್ಲ ಸರಿ. ಹೋಸ್ ಹಾಕಿದರೆ ಆ ಟೇಬಲ್ಲನ್ನು ಉದ್ದಕ್ಕೂ ಒಂದೇ ಅಂಕಿಗೆ ಸಮ ಮಾಡಬೇಕು. ಟೇಬಲ್ ಮುಟ್ಟುವುದಿಲ್ಲ ಎನ್ನುವವರು ಹೋಸ್ ಬಿಟ್ಟು, ರೆಗ್ಯುಲೇಟರಿನ ಹೋಸ್ ನಿಪ್ಪಲನ್ನು ಗಾಳಿಗೆ ತೆರೆದಿಡಲಿ, ಅದನ್ನು ಮುಚ್ಚಬಾರದು.

1999ರಿಂದ 2003ರವರೆಗಿನ ಜಿಎಂ ಕಾರ್ವೆಟ್ ಕಾರಿನ ಫಿಲ್ಟರ್ ಇದಕ್ಕೆ ಸುಲಭದ ದಾರಿ. 58 ಪಿಎಸ್‌ಐ ರೆಗ್ಯುಲೇಟರ್ ಅದರೊಳಗೇ ಇದೆ. ಟ್ಯಾಂಕಿನ ಹತ್ತಿರ ಕೂರಿಸಿ, ಅಲ್ಲಿಂದಲೇ ಚಿಕ್ಕ ರಿಟರ್ನ್ ಕೊಟ್ಟು, ಇಂಜಿನ್ನಿಗೆ ಒಂದೇ ಲೈನ್ ಒಯ್ದರೆ ಸಾಕು. ಇಲ್ಲಿ ರೆಗ್ಯುಲೇಟರ್ ರೈಲಿಗಿಂತ ಮೊದಲು ಬಂದರೂ ನಿಯಮ ಮುರಿದಿಲ್ಲ: ರಿಟರ್ನ್ ಇದೆ, ಕೋಡಿ ತೆರೆದೇ ಇದೆ.

ಹೋಸನ್ನು ಥ್ರಾಟಲ್ ಆಚೆಗಿನ ಮ್ಯಾನಿಫೋಲ್ಡ್ ಪ್ಲೀನಮ್ಮಿನಿಂದಲೇ (ಗಾಳಿ ಕೂಡುವ ಕೋಣೆಯಿಂದಲೇ) ತೆಗೆಯಿರಿ. ಬ್ರೇಕ್ ಬೂಸ್ಟರ್ ಅಥವಾ ಬ್ಲೋ ಆಫ್ ವಾಲ್ವಿನ ಜೊತೆ ಟೀ ಹಾಕಬೇಡಿ.

ರಿಟರ್ನ್ ಲೈನ್

ಐಡಲ್‌ನಲ್ಲಿ ಇಂಜಿನ್ ಕುಡಿಯುವುದು ಅಲ್ಪ. ಗಂಟೆಗೆ 255 ಲೀಟರಿನ ಪಂಪ್ ಇದ್ದರೆ ಬಹುತೇಕ ಎಲ್ಲವೂ ವಾಪಸ್ ಹರಿಯುತ್ತದೆ. ಕಾರಿನ ಹಳೆಯ ಸಣ್ಣ ರಿಟರ್ನ್ ಪೈಪನ್ನೇ ಉಳಿಸಿಕೊಂಡರೆ ಅದೇ ಎರಡನೇ ತಡೆಯಾಗುತ್ತದೆ. ಪರೀಕ್ಷೆ ಸುಲಭ: ಹೊಂದಿಸುವ ಸ್ಕ್ರೂವನ್ನು ಪೂರ್ತಿ ಸಡಿಲಿಸಿ. ಆದರೂ ಒತ್ತಡ ಒಂದು ಮಟ್ಟಕ್ಕಿಂತ ಕೆಳಗಿಳಿಯದಿದ್ದರೆ ಮೊದಲು ಸಂಶಯಿಸಬೇಕಾದದ್ದು ರಿಟರ್ನ್ ಲೈನನ್ನೇ. 6 ಎಎನ್, ಅಂದರೆ ಸುಮಾರು 3/8 ಇಂಚಿನ ಹೋಸ್ ಈ ಪಂಪಿಗೆ ಸಾಕು. ಟ್ಯಾಂಕಿನೊಳಗೆ ರಿಟರ್ನ್ ತುದಿ ಪಂಪ್ ಹೀರುವ ಜಾಗದಿಂದ ದೂರದಲ್ಲಿ, ಪೆಟ್ರೋಲ್ ಮಟ್ಟದ ಕೆಳಗಿರಲಿ. ಮೇಲಿಂದ ಸುರಿದರೆ ನೊರೆ ಏಳುತ್ತದೆ, ಪಂಪ್ ಗಾಳಿ ಎಳೆಯುತ್ತದೆ.

ಫಿಟ್ಟಿಂಗ್

ರೆಗ್ಯುಲೇಟರಿನ ಓಆರ್‌ಬಿ (ನೇರ ಥ್ರೆಡ್ಡಿನ) ಪೋರ್ಟುಗಳನ್ನು ಸೋರದಂತೆ ಹಿಡಿಯುವುದು ಓ-ರಿಂಗ್, ಎಎನ್ ಫಿಟ್ಟಿಂಗನ್ನು ಹಿಡಿಯುವುದು 37 ಡಿಗ್ರಿ ಕೋನ್. ಎರಡಕ್ಕೂ ಟೆಫ್ಲಾನ್ ಟೇಪ್ ಬೇಡ. ಗೇಜ್ ಕೂರುವ 1/8 ಎನ್‌ಪಿಟಿ (ತುದಿಗೆ ಕಿರಿದಾಗುವ) ಥ್ರೆಡ್ಡಿಗೆ ಮಾತ್ರ ಪೆಟ್ರೋಲ್ ತಾಳುವ ಪೇಸ್ಟ್ ಹಚ್ಚಿ. 45 ಡಿಗ್ರಿ ಫ್ಲೇರನ್ನು ಎಎನ್ ಜೊತೆ ಸೇರಿಸಿದರೆ ಸೋರುವುದು ಖಚಿತ. ರಬ್ಬರ್ ಹೋಸ್ ಎಸ್‌ಎಇ 30ಆರ್9 ಆಗಿರಲಿ. 30ಆರ್7 ಕಾರ್ಬ್ಯುರೇಟರಿನ ಒತ್ತಡಕ್ಕೆ ಮಾಡಿದ್ದು. ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ 30ಆರ್10 ಬೇಕು. ರೆಗ್ಯುಲೇಟರನ್ನು ಎಕ್ಸಾಸ್ಟ್ ಇಲ್ಲದ ಬದಿಗೆ, ಬಾಡಿಗೆ ಬಿಗಿಯಿರಿ. ಇಂಜಿನ್ ಅಲುಗುತ್ತದೆ, ಬಾಡಿ ಅಲುಗುವುದಿಲ್ಲ. ನಡುವಿನ ಹೋಸಿಗೆ ಸ್ವಲ್ಪ ಸಡಿಲ ಬೇಕು.

ಹೊಂದಿಸುವುದು

ಇಂಜಿನ್ ಓಡುತ್ತಿರುವಾಗ ವ್ಯಾಕ್ಯೂಮ್ ಹೋಸ್ ಕಳಚಿ, ಮ್ಯಾನಿಫೋಲ್ಡ್ ಕಡೆಯ ತುದಿಯನ್ನು ಮುಚ್ಚಿ, ಸ್ಕ್ರೂ ತಿರುಗಿಸಿ ಬೇಸ್ ಒತ್ತಡಕ್ಕೆ ತನ್ನಿ, ಲಾಕ್ ನಟ್ ಬಿಗಿಯಿರಿ. ಹೋಸ್ ಮತ್ತೆ ಹಾಕಿದಾಗ 9–10 ಪಿಎಸ್‌ಐ ಇಳಿಯಬೇಕು. ಇಳಿಯದಿದ್ದರೆ ಹೋಸ್ ಸೀಳಿದೆ ಅಥವಾ ತಪ್ಪು ಜಾಗದಿಂದ ಬಂದಿದೆ. ದ್ರವ ತುಂಬಿದ ಗೇಜ್ ಬಿಸಿಯಾದರೆ ತಪ್ಪು ಅಂಕಿ ತೋರಿಸುತ್ತದೆ, ತಣ್ಣಗಿದ್ದಾಗ ಓದಿ. ಕಳಚಿದ ಹೋಸಿನೊಳಗೆ ಪೆಟ್ರೋಲ್ ಹಸಿ ಕಂಡರೆ ಡಯಾಫ್ರಾಮ್ ಹರಿದಿದೆ. ಇಂಜಿನ್ ಆಗಲೇ ನಿಲ್ಲಿಸಿ, ಬದಲಿಸದೆ ಮತ್ತೆ ಸ್ಟಾರ್ಟ್ ಮಾಡಬೇಡಿ.