ಹಳೇ ಕಾರಲ್ಲಿ ಮಿಸ್ಸಿಂಗ್: ಯಾವ ಸಿಲಿಂಡರ್ ಅಂತ ಹಿಡಿಯೋದು ಹೇಗೆ

ಮಿಸ್ಸಿಂಗ್ ಅಂದ್ರೆ ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಇಂಜಿನ್ ತಪ್ಪಿ ತಪ್ಪಿ ಓಡೋದು. ಎರಡು ಭಾನುವಾರ ಒದ್ದಾಡಿ ನಿನ್ನೆ ಸರಿಹೋಯ್ತು, ಮರೆಯೋಕೆ ಮುಂಚೆ ಬರೆದಿಡ್ತಿದೀನಿ. ಗಾಡಿ ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರು (ಪೆಟ್ರೋಲು ಗಾಳಿ ಬೆರೆಸೋದು), ಡಿಸ್ಟ್ರಿಬ್ಯೂಟರು (ಕಿಡಿಯ ಕರೆಂಟನ್ನ ಒಂದೊಂದೇ ಸಿಲಿಂಡರಿಗೆ ಹಂಚೋದು) ಇರೋ ಕಾಲದ್ದು, ಸ್ಕ್ಯಾನರ್ ಹಾಕಿ ಕೋಡ್ ಓದೋ ಹಾಗಿಲ್ಲ. ಐಡಲ್‌ನಲ್ಲಿ (ರೇಸ್ ಕೊಡದೆ ನಿಂತಲ್ಲೇ ಓಡ್ತಿರೋವಾಗ) ಸೈಲೆನ್ಸರ್ ಬಾಯಿ ಹತ್ರ ಕೈ ಹಿಡಿದ್ರೆ ಹೊಗೆ ಒಂದೇ ಸಮ ಬರ್ದೆ ನಡುನಡುವೆ ತಪ್ಪೋದು, ಮಳೇಲಿ ಆಗುಂಬೆ ಘಾಟಿ ಹತ್ತೋವಾಗ ಮೂರನೇ ಗೇರಲ್ಲಿ ಜಗ್ಗೋದು.

ಸ್ಪಾರ್ಕು (ಪ್ಲಗ್ಗಿನ ಕಿಡಿ), ಮಿಕ್ಸ್ಚರು (ಪೆಟ್ರೋಲು ಗಾಳಿ ಮಿಶ್ರಣ), ಕಂಪ್ರೆಶನ್ನು (ಪಿಸ್ಟನ್ ಅದನ್ನ ಒತ್ತೋದು), ಮೂರರಲ್ಲಿ ಒಂದು ಕೈಕೊಟ್ರೆ ಮಿಸ್ಸು. ಇದು ಎಲ್ರಿಗೂ ಗೊತ್ತಿರೋದೇ.

ನಾನು ಎಡವಿದ್ದು ವೈರ್ ತೆಗೆಯೋ ಟೆಸ್ಟಲ್ಲಿ. ಒಂದೊಂದೇ ಪ್ಲಗ್ ವೈರ್ ಬಿಡಿಸಿ ಇಂಜಿನ್ ಸದ್ದು ಕೇಳ್ಬೇಕು. ಯಾವುದನ್ನ ತೆಗೆದ್ರೆ ಇಂಜಿನ್ ಜಾಸ್ತಿ ಒದ್ದಾಡತ್ತೋ ಅದೇ ಕೆಟ್ಟಿರೋದು ಅಂತ ನಾನು ತಿಳ್ಕೊಂಡಿದ್ದೆ, ಅದು ಪೂರ್ತಿ ಉಲ್ಟಾ. ನಾಲ್ಕು ಜನ ಪಲ್ಲಕ್ಕಿ ಹೊತ್ತಿದಾರೆ ಅಂದ್ಕೊಳಿ. ನಿಜವಾಗಿ ಭಾರ ಹೊತ್ತೋನು ಹೆಗಲು ತೆಗೆದ್ರೆ ಪಲ್ಲಕ್ಕಿ ವಾಲತ್ತೆ, ಸುಮ್ನೆ ಕೈ ಆನಿಸ್ಕೊಂಡು ನಡೀತಿರೋನು ಬಿಟ್ಟುಹೋದ್ರೆ ಏನೂ ಆಗಲ್ಲ. ಹಾಗೇ ವೈರ್ ತೆಗೆದ್ರೂ ಸದ್ದು ಬದಲಾಗ್ಲಿಲ್ಲ ಅಂದ್ರೆ ಆ ಸಿಲಿಂಡರ್ ಮೊದ್ಲಿಂದ್ಲೇ ಕೆಲಸ ಮಾಡ್ತಿರ್ಲಿಲ್ಲ ಅಂತ ಅರ್ಥ. ನನ್ನ ಗಾಡೀಲಿ 1, 2, 4 ತೆಗೆದಾಗ ಇಂಜಿನ್ ಕುಸಿದು ನಡುಗ್ತು, 3 ತೆಗೆದಾಗ ಏನೂ ಇಲ್ಲ.

ಓಡ್ತಿರೋ ಇಂಜಿನ್ನಿನ ವೈರ್ ಬರಿಗೈಲಿ ಎಳೀಬೇಡಿ, ಸಾವಿರಾರು ವೋಲ್ಟು. ಪ್ರತಿ ಸಲ ಆಫ್ ಮಾಡಿ, ವೈರಿಗೆ ಒಂದು ಹಳೇ ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗನ್ನ ಜಂಪರ್ ಕೇಬಲಿಂದ ಇಂಜಿನ್ ಬಾಡಿಗೆ ಅರ್ತ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ. ವೈರ್ ಗಾಳೀಲಿ ಬಿಟ್ರೆ ಕರೆಂಟು ಬೇರೆ ದಾರಿ ಹುಡುಕ್ಕೊಂಡು ಕಾಯಿಲ್ (ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸೋದು) ಇನ್ಸುಲೇಶನ್ನನ್ನೇ ಹಾಳುಮಾಡಬಹುದು.

ಈಗ 3 ಅಂತ ಗೊತ್ತಾಯ್ತು, ಯಾಕೆ ಅಂತ ಗೊತ್ತಿಲ್ಲ. ಇಲ್ಲಿ ಅದಲು ಬದಲು ಮಾಡಿ ನೋಡೋದು, ನನಗೆ ತುಂಬಾ ಹಿಡಿಸಿದ್ದು ಇದೇ. ಆದ್ರೆ ಒಂದು ಸಲಕ್ಕೆ ಒಂದೇ ವಸ್ತು. ಪ್ಲಗ್ಗು ವೈರು ಎರಡೂ ಒಟ್ಟಿಗೆ 2ಕ್ಕೆ ಹಾಕಿದ್ರೆ, ಮಿಸ್ಸು 2ಕ್ಕೆ ಬಂದ್ರೂ ಯಾರ ತಪ್ಪು ಅಂತ ಹೇಳಕ್ಕಾಗಲ್ಲ. ಹಾಗಾಗಿ ಮೊದ್ಲು 3ರ ಪ್ಲಗ್ ಮಾತ್ರ 2ಕ್ಕೆ, 2ರದ್ದು 3ಕ್ಕೆ. ಮಿಸ್ಸು 3ರಲ್ಲೇ ಉಳೀತು, ಅಂದ್ರೆ ಪ್ಲಗ್ ಸರಿ ಇದೆ.

ಆಮೇಲೆ ವೈರು. ಬದಲಾಯಿಸೋವಾಗ ಎರಡೂ ತುದಿ ಬಿಚ್ಚಿ, ಇಡೀ ವೈರನ್ನೇ ಬದಲಾಯಿಸ್ಬೇಕು. ನಾನು ಪ್ಲಗ್ ಕಡೆ ತುದಿ ಮಾತ್ರ ಅದಲು ಬದಲು ಮಾಡಿದ್ದೆ, ಕಾರ್ಬ್ಯುರೇಟರಿಂದ ಪಟ್ ಅಂತ ಬ್ಯಾಕ್‌ಫೈರ್. ಯಾಕಂದ್ರೆ ಯಾವ ಸಿಲಿಂಡರಿಗೆ ಯಾವಾಗ ಕಿಡಿ ಅನ್ನೋದನ್ನ ತೀರ್ಮಾನ ಮಾಡೋದು ವೈರಲ್ಲ, ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ (ಮುಚ್ಚಳದಲ್ಲಿ) ವೈರ್ ಸಿಕ್ಕಿಸೋ ತೂತು. ಕಿಡಿ ಬೀಳೋ ಆರ್ಡರ್ 1-3-4-2. 2 ಮತ್ತೆ 3ನೇ ಪಿಸ್ಟನ್ ಒಟ್ಟಿಗೇ ಮೇಲೆ ಬರ್ತಾವೆ, ಆದ್ರೆ ಒಂದು ಕಂಪ್ರೆಶನ್ನಲ್ಲಿ ಇದ್ರೆ ಇನ್ನೊಂದು ಹೊಗೆ ಆಚೆ ತಳ್ತಿರತ್ತೆ, ಅದು ಮುಗಿದು ಇನ್‌ಟೇಕ್ ವಾಲ್ವ್ (ಮಿಕ್ಸ್ಚರ್ ಒಳಗೆ ಬರೋ ಬಾಗಿಲು) ತೆಗೆಯೋ ಹೊತ್ತಲ್ಲಿ ಕಿಡಿ ಬಿದ್ರೆ ಬೆಂಕಿ ಕಾರ್ಬ್ಯುರೇಟರ್ ಕಡೆ ವಾಪಸ್ಸು. ಅಂಬಾಸಿಡರ್, ಪದ್ಮಿನಿ ಪೆಟ್ರೋಲಿಗೂ ಇದೇ ಆರ್ಡರು, ಮಾರುತಿ 800ಕ್ಕೆ ಮೂರೇ ಸಿಲಿಂಡರು, 1-3-2.

ಸರಿಯಾಗಿ ಬದಲಾಯಿಸಿದ್ರೂ ಮಿಸ್ಸು 3ರಲ್ಲೇ. ಕ್ಯಾಪ್ ಬಿಚ್ಚಿ ಒರೆಸಿ ಟಾರ್ಚ್ ಹಿಡಿದು ನೋಡ್ದೆ: ಒಳಗಡೆ 3ರ ಟರ್ಮಿನಲ್ಲಿಂದ ಅಂಚಿನ ತನಕ ಪೆನ್ಸಿಲಲ್ಲಿ ಎಳೆದಂಗೆ ಸಣ್ಣ ಕಪ್ಪು ಗೆರೆ, ಉಗುರಲ್ಲಿ ಕೆರೆದ್ರೂ ಹೋಗಲ್ಲ. ಅದು ಕಾರ್ಬನ್ ಟ್ರ್ಯಾಕು, ಕರೆಂಟು ಪ್ಲಗ್ಗಿಗೆ ಹೋಗೋ ಬದಲು ಆ ಗೆರೆ ಹಿಡ್ಕೊಂಡು ಬಾಡಿಗೆ ಇಳೀತಿತ್ತು. ಘಾಟೀಲಿ ಜಾಸ್ತಿ ಆಗ್ತಿದ್ದಿದ್ದೂ ಇದಕ್ಕೇ. ರೇಸ್ ಕೊಟ್ಟಾಗ ಸಿಲಿಂಡರ್ ಒಳಗೆ ಒತ್ತಡ ಏರತ್ತೆ, ಪ್ಲಗ್ ಗ್ಯಾಪ್ ದಾಟೋಕೆ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು, ಅದಕ್ಕಿಂತ ಸುಲಭದ ದಾರಿ ಪಕ್ಕದಲ್ಲೇ ಇದ್ರೆ ಅಲ್ಲಿಗೇ ಹೋಗತ್ತೆ, ಮಳೆ ಥಂಡಿ ಸೇರಿದ್ರಂತೂ ಇನ್ನೂ ಸುಲಭ.

ಕ್ಯಾಪೂ ಸರಿ ಇದ್ದಿದ್ರೆ ಕಂಪ್ರೆಶನ್ ನೋಡ್ಬೇಕಿತ್ತು. ಕಡಿಮೆ ಬಂದ್ರೆ ಪ್ಲಗ್ ತೂತಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡೋದು, ಏರಿದ್ರೆ ತಪ್ಪು ಪಿಸ್ಟನ್ ರಿಂಗಿಂದು, ಏರ್ಲಿಲ್ಲ ಅಂದ್ರೆ ವಾಲ್ವಿಂದು, ಅಕ್ಕಪಕ್ಕದ ಎರಡೂ ಸಿಲಿಂಡರ್ ಕಡಿಮೆ ಇದ್ರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು) ಮೇಲೆ ಅನುಮಾನ.

ಹೊಸ ಕ್ಯಾಪ್ ಹಾಕೋವಾಗ ಹಳೇದನ್ನ ಅದೇ ದಿಕ್ಕಲ್ಲಿ ಪಕ್ಕದಲ್ಲಿ ಹಿಡ್ಕೊಂಡು ಒಂದೊಂದೇ ವೈರ್ ಆ ಕಡೆಯಿಂದ ಈ ಕಡೆಗೆ ಹಾಕಿ.